ಕರಡಿ ಹಂಚಿದ ಆಯುಷ್ಯ

"ಈ ವರ್ಷ ಯಾರಿಗೂ ಕ್ಯಾಲೆಂಡರ್ ಕೊಡಲ್ಲ! ಆಯುಷ್ಯ ಕೊಡ್ತೀನಿ, ಆಯುಷ್ಯ!"

ಕರಡಿ ಹೀಗೆ ಎದೆ ತಟ್ಟಿಕೊಂಡು ಘೋಷಿಸಿದಾಗ ಕೇಳಲು ಇದ್ದವಳು ಹೆಂಡತಿ ಒಬ್ಬಳೇ. ಅವಳು ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ. ಮದುವೆಯಾದ ಇಪ್ಪತ್ತೇಳು ವರ್ಷಗಳಲ್ಲಿ ಇಂಥ ಘೋಷಣೆಗಳನ್ನು ಎಷ್ಟು ಕೇಳಿದ್ದಳೆಂದರೆ, ದಾರ ಪೋಣಿಸುವ ಕೆಲಸ ಅದಕ್ಕಿಂತ ಮುಖ್ಯ ಎಂದು ಅವಳಿಗೆ ಅನಿಸಿದ್ದರೆ ತಪ್ಪೇನಿಲ್ಲ.

ಕರಡಿ ಎಂದರೆ ಕಾಡಿನದಲ್ಲ, ಮುದ್ರಣಾಲಯದ್ದು. ಅಚ್ಚಿಗೆ ಹೋಗುವ ಮುನ್ನ ಪ್ರತಿ ಹಾಳೆಯನ್ನೂ ಓದಿ ತಪ್ಪು ಹಿಡಿಯುವ ಕೆಲಸ ಅವನದು. ಮೂರು ಹೊತ್ತೂ "ಕರಡು, ಕರಡು" ಎಂದು ಜಪಿಸುತ್ತಿದ್ದವನನ್ನು ಕಂಡು ಅಚ್ಚಿನ ಯಂತ್ರದವರು ಒಂದು ದಿನ ಕರಡಿನ ಕೊಂಬು ಕಿತ್ತು, ಗುಡಿಸು ಕೊಟ್ಟು, "ಕರಡಿ" ಮಾಡಿಬಿಟ್ಟರು. ಕೊಂಬು ಹೋದರೂ ಅಹಂಕಾರ ಮಾತ್ರ ಎಲ್ಲಿಗೂ ಹೋಗಲಿಲ್ಲ. ಬಸ್ಸಿನ ಟಿಕೆಟ್ಟು, ಅಂಗಡಿಯ ಬೋರ್ಡು, ಔಷಧದ ಚೀಟಿ, ಯಾವುದನ್ನೂ ಅವನು ಸುಮ್ಮನೆ ಓದಿದವನಲ್ಲ. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಎಲ್ಲಿ 'ಳ' ಇರಬೇಕಾದ ಕಡೆ 'ಲ' ಇದೆ, ಎಲ್ಲಿ ಮಹಾಪ್ರಾಣ ಬಿಟ್ಟುಹೋಗಿದೆ, ಎಲ್ಲಿ ಬೇಡದ ಕಡೆ ವಕ್ಕರಿಸಿದೆ ಎಂದು ಅವನ ಕಣ್ಣು ಹುಡುಕುತ್ತಲೇ ಇರುತ್ತಿತ್ತು. ಮಹಾಪ್ರಾಣ ಎಂದರೆ ಅವನಿಗೆ ಪಂಚಪ್ರಾಣ! ಮದುವೆ ಗೊತ್ತಾದ ಮೇಲೆ ಹುಡುಗಿ ಬರೆದ ಮೊದಲ ಕಾಗದದಲ್ಲಿ ಏಳು ತಪ್ಪು ಹುಡುಕಿ, ಅಂಚಿನಲ್ಲಿ ಕೆಂಪು ಗುರುತು ಹಾಕಿ, ಅದೇ ಕಾಗದವನ್ನು ವಾಪಸು ಕಳಿಸಿದ ಮಹಾನುಭಾವ ಅವನು. ಹುಡುಗಿ ಮದುವೆಯಾದಳು. ಕಾಗದ ಮಾತ್ರ ಮತ್ತೆ ಬರೆಯಲಿಲ್ಲ.

ವರ್ಷದ ಕೊನೆಯ ರಜೆಯಲ್ಲಿ, ಕೊನೆಯ ಭಾನುವಾರ, ಅವನ ಅಕ್ಕ, ಭಾವ, ತಮ್ಮ ಎಲ್ಲರೂ ಇವರ ಮನೆಗೆ ಊಟಕ್ಕೆ ಬರುವುದು ವಾಡಿಕೆ. ಬಂದವರೆಲ್ಲ ಒಬ್ಬರಿಗೊಬ್ಬರು ಏನಾದರೊಂದು ಕೊಟ್ಟುಕೊಳ್ಳುತ್ತಾರೆ. ಕರಡಿ ಪ್ರತಿವರ್ಷವೂ ಕೊಡುತ್ತಿದ್ದದ್ದು ಮುದ್ರಣಾಲಯದಲ್ಲಿ ಬಿಟ್ಟಿ ಸಿಗುತ್ತಿದ್ದ, ಮೇಜಿನ ಮೇಲಿಡುವ ಕ್ಯಾಲೆಂಡರ್. ಹೋದ ವರ್ಷ ತಮ್ಮ ಬಾಯಿ ತಡೆಯದೆ, "ಅಣ್ಣ ನಮಗೆ ಕೊಡೋದೇ ಮುನ್ನೂರ ಅರವತ್ತೈದು ದಿನ. ಒಂದು ದಿನ ಜಾಸ್ತಿ ಬೇಕಂದ್ರೆ ನಾಲ್ಕು ವರ್ಷ ಕಾಯ್ಬೇಕು" ಎಂದು ನಕ್ಕಿದ್ದ. ಎಲ್ಲರೂ ನಕ್ಕಿದ್ದರು. ಕರಡಿಗೆ ಅದು ವರ್ಷವಿಡೀ ಚುಚ್ಚುತ್ತಲೇ ಇತ್ತು.

ಅದಕ್ಕೆ ಸರಿಯಾಗಿ ಈ ವರ್ಷ ಮುದ್ರಣಾಲಯದಲ್ಲಿ ಯಾರೋ ನಿವೃತ್ತ ವೈದ್ಯರು ಬರೆದ ಆರೋಗ್ಯದ ಪುಸ್ತಕಗಳು ಸಾಲಾಗಿ ಅಚ್ಚಾದವು. ಒಂದೊಂದನ್ನೂ ಕರಡಿ ನಾಲ್ಕು ನಾಲ್ಕು ಸಲ ಓದಿದ್ದ. ಕೊನೆಗೆ ಯಜಮಾನರು ಅವನಿಗೆ ನಾಲ್ಕು ಪ್ರತಿಗಳನ್ನು ಗೌರವಪೂರ್ವಕ ಕೊಟ್ಟರು. ಕರಡಿ ಅವನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು, ಸೇನಾಪತಿಯಂತೆ ಸೊಂಟದ ಮೇಲೆ ಕೈಯಿಟ್ಟು ನಿಂತ.

"ನೋಡು! 'ಮಂಡಿನೋವಿಗೆ ಮಂಗಳ' ಭಾವನಿಗೆ. 'ಸಿಟ್ಟು ಇಳಿದರೆ ರಕ್ತದೊತ್ತಡವೂ ಇಳಿಯುತ್ತದೆ' ಅಕ್ಕನಿಗೆ. 'ಹೊಟ್ಟೆ ಕರಗಿಸುವ ನಲವತ್ತು ದಿನ' ತಮ್ಮನಿಗೆ. 'ಎದೆ ಹೇಳುವ ಮಾತು' ನಮ್ಮ ಯಜಮಾನರಿಗೆ!"

"ಅವರ ಪುಸ್ತಕ ಅವರಿಗೇ ಕೊಡ್ತೀರಾ?"

"ಅವರು ಅಚ್ಚು ಹಾಕ್ತಾರೆ, ಓದ್ತಾರೇನು? ಹೃದಯ ಇಲ್ಲದ ಮನುಷ್ಯನಿಗೆ ಹೃದಯದ ಪುಸ್ತಕಾನಾದ್ರೂ ಇರ್ಲಿ!"

ತನ್ನ ಮಾತಿಗೆ ತಾನೇ ನಕ್ಕು, ಬಣ್ಣದ ಕಾಗದ, ಅಂಟು, ಕತ್ತರಿ ಎಲ್ಲವನ್ನೂ ಹೆಂಡತಿಯ ಮುಂದೆ ತಳ್ಳಿದ. ಕಟ್ಟುವುದು ಅವಳ ಕೆಲಸ. ಕತ್ತರಿ ಹಿಡಿಯುವುದರಲ್ಲಿ ಅವಳು ಪಳಗಿದ ಕೈ ತಾನೆ! ಅವಳು ಕುರ್ಚಿಗೆ ಒರಗಿ, ಎಡ ಭುಜವನ್ನು ಬಲಗೈಯಲ್ಲಿ ಒತ್ತಿಕೊಳ್ಳುತ್ತ ಕೇಳಿದಳು.

"ರೀ, ರಜೆಲಿ ಒಂದಿನ ಡಾಕ್ಟ್ರ ಹತ್ರ ಹೋಗಿ ಬರೋಣ್ವಾ?"

"ಯಾಕೆ?"

"ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತಿದೆ. ಈ ದವಡೆ ಬೇರೆ—"

"ದವಡೆ ನೋವು ಅಂದ್ರೆ ಹಲ್ಲು. ಲವಂಗ ಇಟ್ಕೋ. ಇನ್ನು ಏದುಸಿರು! ಎರಡನೇ ಮಹಡೀಲಿ ನಿಂತು ಹರಟೆ ಹೊಡೆಯೋದು ಬಿಡು, ಏದುಸಿರು ತಾನಾಗೇ ಹೋಗತ್ತೆ. ದಿನಾ ನೋಡ್ತೀನಲ್ಲ ನಾನು? ಕೆಳಗೆ ಗೇಟು ತೆಗೆದ ಸದ್ದು ಕೇಳತ್ತೆ, ಮನೆ ಬಾಗಿಲಿಗೆ ಬರೋಕೆ ಹತ್ತು ನಿಮಿಷ! ಅದೇನಿರತ್ತೆ ಅಷ್ಟೊಂದು ಮಾತು?"

ಅವಳು ಅವನ ಮುಖವನ್ನೇ ನೋಡಿದಳು.

"ಭುಜಾನೂ ಸೆಳೀತಿದೆ, ಎಡಗಡೆ."

"ಆ ಯಂತ್ರ ತುಳಿದೂ ತುಳಿದೂ ಹಾಗಾಗಿದೆ."

"ತುಳಿಯೋದು ಕಾಲಲ್ಲಿ, ರೀ."

"ಎಲ್ಲಾ ಒಂದೇ ಮೈ ತಾನೆ! ರಜೆ ಮುಗೀಲಿ, ಹೋಗೋಣ."

ಇದು ಅವಳು ಕೇಳಿದ ಮೂರನೇ ಸಲ. ಮೊದಲ ಸಲ ಕೇಳಿದಾಗ, "ಈ ಹೃದಯದ ಪುಸ್ತಕ ಒಂದು ಅಚ್ಚಿಗೆ ಹೋಗ್ಲಿ" ಎಂದಿದ್ದ. ಎರಡನೇ ಸಲ, "ಎಲ್ಲಾ ಪುಸ್ತಕ ಮುಗೀಲಿ" ಎಂದಿದ್ದ. ಊರಿಗೆಲ್ಲ ಆಯುಷ್ಯ ಹಂಚಲು ಹೊರಟವನಿಗೆ ಪಕ್ಕದ ಕುರ್ಚಿಯ ತನಕ ಬರಲು ಪುರುಸೊತ್ತಿರಲಿಲ್ಲ ನೋಡಿ!

"ಹೋಗ್ಲಿ, ನಂಗ್ಯಾವ ಪುಸ್ತಕ?" ಎಂದಳು ಹೆಂಡತಿ.

"ನಿಂಗ್ಯಾಕೆ? ಗುಂಡುಕಲ್ಲು ಇದ್ದ ಹಾಗಿದೀಯ!"

ಇದನ್ನು ಅವನು ಹೊಗಳಿಕೆಯೆಂದೇ ಹೇಳಿದ. ಅವಳು 'ಎದೆ ಹೇಳುವ ಮಾತು' ಪುಸ್ತಕವನ್ನು ಕೈಗೆತ್ತಿಕೊಂಡು, ಕಟ್ಟುವ ಬದಲು ಹಾಳೆ ತಿರುವತೊಡಗಿದಳು. ಅವನು ಅಷ್ಟರಲ್ಲಿ ಸ್ನಾನಕ್ಕೆ ಹೋಗಿಯಾಗಿತ್ತು.

ಭಾನುವಾರ ಎಲ್ಲರೂ ಬಂದರು. ಊಟವಾಯಿತು. ಕರಡಿ ಗಂಟಲು ಸರಿಮಾಡಿಕೊಂಡು ಎದ್ದು ನಿಂತು, "ಆರೋಗ್ಯವೇ..." ಎಂದು ಶುರುಮಾಡುವಷ್ಟರಲ್ಲಿ ಅಕ್ಕ ಕಾಗದ ಹರಿದು ಪುಸ್ತಕದ ಹೆಸರು ಓದಿಬಿಟ್ಟಿದ್ದಳು. ಅಕ್ಕ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಠಸ್ಸೆ ಹೊಡೆದವಳು. ಅವಳು ಮೇಜು ಗುದ್ದಿದರೆ ಲೋಟ ಕುಣಿಯುತ್ತಿತ್ತು.

"ನಂಗೆ ಸಿಟ್ಟಾ? ಯಾವನೋ ಹೇಳಿದ್ದು ನಂಗೆ ಸಿಟ್ಟು ಅಂತ?" ಧಡ್! "ನಾನು ಯಾವತ್ತೋ ಸಿಟ್ಟು ಮಾಡ್ಕೊಂಡಿದ್ದು?" ಧಡ್! "ಹೇಳೋ!"

"ಇಲ್ಲಕ್ಕಾ, ಮೊದಲನೇ ಅಧ್ಯಾಯದಲ್ಲೇ ಬರೆದಿದ್ದಾರೆ, ಸಿಟ್ಟು ಇರೋರು ಒಪ್ಕೊಳಲ್ಲ ಅಂತ..."

ಲೋಟ ಕುಣಿಯಲಿಲ್ಲ, ಹಾರಿತು.

ತಮ್ಮ ತನ್ನ ಪುಸ್ತಕವನ್ನು ಹೊಟ್ಟೆಯ ಮೇಲೇ ಇಟ್ಟುಕೊಂಡು ಹೆಸರು ಓದಿದ. ಅವನು ಕಾರು ಓಡಿಸುವುದನ್ನು ಕಲಿಸುವ ಶಾಲೆಯೊಂದರಲ್ಲಿ ಮೇಷ್ಟ್ರು. ಸ್ಟಿಯರಿಂಗಿಗೂ ಅವನ ಹೊಟ್ಟೆಗೂ ನಡುವೆ ಗಾಳಿಗೂ ಜಾಗವಿಲ್ಲ ಎಂದು ಕರಡಿ ಆಗಾಗ ಕಾಲೆಳೆಯುತ್ತಿದ್ದ. ಈ ಸಲ ತಮ್ಮ ನಗಲಿಲ್ಲ.

"ಅಣ್ಣಾ, ಆ ಶಾಲೆ ಮುಚ್ಚಿ ಮೂರು ತಿಂಗಳಾಯ್ತು. ನಾನು ಮನೇಲಿದೀನಿ. ಅತ್ತಿಗೆಗೆ ಗೊತ್ತು. ನಿಂಗೆ ನನ್ನಲ್ಲಿ ಕಂಡಿದ್ದು ಹೊಟ್ಟೆ ಒಂದೇನಾ?"

ಕರಡಿ ಬೆಪ್ಪಾಗಿ ಹೆಂಡತಿಯ ಕಡೆ ನೋಡಿದ. ಅವಳು ಅಲ್ಲಿರಲಿಲ್ಲ. ಹಾಲು ಮುಗಿದಿತ್ತೆಂದು ಕೆಳಗಿನ ಅಂಗಡಿಗೆ ಹೋಗಿದ್ದವಳು ಆಗಷ್ಟೇ ಮೂರನೇ ಮಹಡಿ ಹತ್ತಿ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಏನಮ್ಮಾ, ಮುಖ ಹೀಗೆ ಬೆವರಿದೆ?" ಅಕ್ಕ ಕೇಳಿದಳು.

"ಅಡುಗೆಮನೆ ಸೆಕೆ!" ಕರಡಿ ಉತ್ತರಿಸಿದ. ಹಾಲಿನ ಪೊಟ್ಟಣ ಇನ್ನೂ ಅವಳ ಕೈಯಲ್ಲೇ ಇತ್ತು.

ಪುಸ್ತಕ ಕಂಡು ಸಂತೋಷಪಟ್ಟವರೆಂದರೆ ಭಾವ ಒಬ್ಬರೇ. ಅವರು ನಿವೃತ್ತ ಡ್ರಿಲ್ ಮಾಸ್ತರು. ಜೀವನವಿಡೀ ಮಕ್ಕಳಿಗೆ "ಎಡಕ್ಕೆ ತಿರುಗು, ಬಲಕ್ಕೆ ತಿರುಗು" ಎಂದು ಅಪ್ಪಣೆ ಕೊಟ್ಟ ಮನುಷ್ಯ, ಈಗ ಅಪ್ಪಣೆ ಕೊಡುವವರಿಲ್ಲದೆ ಸೊರಗಿದ್ದರು. ಪುಸ್ತಕ ಹಿಡಿದು ನೆಟ್ಟಗೆ ನಿಂತರು.

"ದಿನಕ್ಕೊಂದು ಪುಟ! ಬರೆದದ್ದನ್ನ ಬರೆದ ಹಾಗೇ ಮಾಡ್ತೀನಿ. ಒಂದಕ್ಷರ ಆ ಕಡೆ ಇಲ್ಲ, ಈ ಕಡೆ ಇಲ್ಲ!"

"ಅಕ್ಷರದ ಚಿಂತೆ ಬಿಡಿ ಭಾವ! ಅದನ್ನ ನೋಡಿರೋನು ನಾನು!" ಎಂದ ಕರಡಿ.

ಮನುಷ್ಯ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವಾಗ ಇಷ್ಟು ಖುಷಿಯಾಗಿರುತ್ತಾನೆಯೇ?

ಸೋಮವಾರ ಮುದ್ರಣಾಲಯಕ್ಕೂ ರಜೆ. ಕರಡಿ ಇಸ್ತ್ರಿಯ ಅಂಗಿ ತೊಟ್ಟು, ಹೆಂಡತಿ ಕಟ್ಟಿಟ್ಟ ನಾಲ್ಕನೇ ಪೊಟ್ಟಣವನ್ನು ಎದೆಗವಚಿಕೊಂಡು ಯಜಮಾನರ ಮನೆಗೆ ಹೋದ. ಅಲ್ಲಿ ನಾಲ್ಕಾರು ಜನ ನೆಂಟರು ಕೂತಿದ್ದರು. ಎಲ್ಲರ ಎದುರಿಗೇ ಕೊಟ್ಟು ಹೆಸರು ಮಾಡಿಕೊಳ್ಳೋಣ ಎಂದು ಅವನಿಗೆ ಆಸೆ.

"ಸಾರ್, ಇದನ್ನ ದಿನಾ ಒಂದಿಷ್ಟು ನೋಡಿ. ಎಷ್ಟು ದಿನ ಇರ್ತೀವಿ ಅನ್ನೋದು ಇದರಲ್ಲೇ ಇದೆ!"

ಯಜಮಾನರು ಕಾಗದ ಬಿಚ್ಚಿದರು. ಒಳಗಿದ್ದದ್ದು ಮೇಜಿನ ಮೇಲಿಡುವ ಕ್ಯಾಲೆಂಡರ್. ಅದೂ ಮುಗಿಯುತ್ತ ಬಂದಿದ್ದ ಈ ವರ್ಷದ್ದು. ಉಳಿದಿದ್ದದ್ದು ಒಂದೇ ಹಾಳೆ, ಅದರಲ್ಲಿ ಮೂರೇ ದಿನ!

ಯಜಮಾನರ ಮುಖ ಕೆಂಪಾಯಿತು. "ಏನ್ರೀ ಕರಡಿ, ನನ್ನ ಕಾಲ ಮುಗೀತು ಅಂತ ಹೇಳೋಕೆ ಬಂದ್ರಾ?"

"ಅಯ್ಯೋ ಸಾರ್, ಒಳಗೆ ಹೃದಯ ಇರ್ಬೇಕಿತ್ತು..."

"ಅಂದ್ರೆ ನಂಗೆ ಹೃದಯ ಇಲ್ಲ ಅಂತೀರಾ?"

ಮೊನ್ನೆ ತಾನು ಹೇಳಿ ನಕ್ಕಿದ್ದ ಮಾತನ್ನೇ ಅವರ ಬಾಯಲ್ಲಿ ಕೇಳಿ ಕರಡಿ ಬಿಚ್ಚಿದ ಕಾಗದವನ್ನೇ ಮತ್ತೆ ಮಡಚತೊಡಗಿದ. ಹೊಸ ವರ್ಷ ಹುಟ್ಟಲಿ, ಆಮೇಲೆ ನಿಮ್ಮ ಕಾಲಾನೂ ವಿಚಾರಿಸ್ಕೋತೀನಿ ಎಂಬ ಆಶೀರ್ವಾದ ಪಡೆದು, ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಅಲ್ಲಿಂದ ಹೊರಬಿದ್ದ. ಮನೆಯ ಮೂರು ಮಹಡಿಯನ್ನೂ ಒಂದೇ ಉಸಿರಿಗೆ ಹತ್ತಿದ. ಹೌದು, ಒಂದೇ ಉಸಿರಿಗೆ. ಅವನ ಹೃದಯ ಗಟ್ಟಿಯಾಗಿತ್ತು.

"ಹೃದಯ ಎಲ್ಲೇ?"

ಯಂತ್ರ ನಿಲ್ಲಿಸಿ ಸುಮ್ಮನೆ ಕೂತಿದ್ದ ಹೆಂಡತಿ, "ಸದ್ಯಕ್ಕೆ ಇಲ್ಲೇ ಇದೆ" ಎಂದಳು.

"ತಮಾಷೆ ಬೇಡ! ಪುಸ್ತಕ ಕೇಳ್ತಿದೀನಿ. ಏನ್ಮಾಡ್ದೆ?"

"ಬೇಕಾದವರಿಗೆ ಕೊಟ್ಟೆ."

"ಯಜಮಾನರಿಗಿಂತ ಬೇಕಾದವರು ಯಾರೇ ಅದು?"

ಅವಳು ಉತ್ತರ ಕೊಡುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕ. ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದರೂ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ನನ್ನ ಗಂಡನ ಕಾಲಿಗೆ ಏನೋ ಮಾಡಿಸಿದೀಯ? ಬೇಗ ಬಾ! ಪುಸ್ತಕ ಬಿಟ್ಟು ಏಳಲ್ಲ ಅಂತ ಹಟ ಹಿಡಿದಿದಾರೆ!"

ಕರಡಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಹೆಂಡತಿ ಕೈಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು.

"ನೀನ್ಯಾಕೆ?"

"ಕೊನೆಗೆ ಡಾಕ್ಟ್ರ ಹತ್ರ ಹೋಗೇ ಹೋಗ್ತೀರಲ್ಲ. ನಾನೂ ಬರ್ತೀನಿ."

ಅಕ್ಕನ ಮನೆ ಎರಡು ಬೀದಿಯಾಚೆ. ಅಲ್ಲಿ ಸಾಮಾನು ತುಂಬಿದ ಕತ್ತಲ ಕೋಣೆಯೊಳಗೆ, ಖಾಲಿ ಡಬ್ಬಗಳ ನಡುವೆ, ಭಾವ ಚಾಪೆಯ ಮೇಲೆ ಅಂಗಾತ ಮಲಗಿ ಗಡಗಡ ನಡುಗುತ್ತಿದ್ದರು. ಎರಡೂ ಕಾಲು ಮಂಡಿಯವರೆಗೆ ಒದ್ದೆ ಬಟ್ಟೆಯಲ್ಲಿ ಬಿಗಿದು ಕಟ್ಟಿದ್ದವು. ಹೊರಗಿಣುಕಿದ ಬೆರಳುಗಳು ನೀಲಿ. ಕರಡಿಯನ್ನು ಕಂಡದ್ದೇ ಭಾವ ಮಲಗಿದಲ್ಲೇ ವರದಿ ಒಪ್ಪಿಸಿದರು.

"ಬೆಳಗ್ಗೆ ಆರಕ್ಕೆ ತಣ್ಣೀರಲ್ಲಿ ಇಟ್ಟೆ ಕಣಯ್ಯಾ. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ತೆಗೆದೆ. ನೀರು ಬಸಿದೆ. ಕಟ್ಟಿದೆ. ಬರೆದ ಹಾಗೇ!"

ಕರಡಿ ಪುಸ್ತಕ ಕಸಿದುಕೊಂಡು ಬೆಳಕಿಗೆ ಹಿಡಿದ. 'ಕಾಲನ್ನು ಎಂಟು ಗಂಟೆ ತಣ್ಣೀರಿನಲ್ಲಿ ನೆನೆಸಿಡಿ. ನಂತರ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಬೆಳಕು ಬೀಳದ ಜಾಗದಲ್ಲಿಡಿ.' ಪುಟ ಅಲ್ಲಿಗೆ ಮುಗಿದಿತ್ತು.

"ಮುಂದಿನ ಪುಟ?"

"ಅದು ನಾಳೆದು!" ಎಂದರು ಶಿಸ್ತಿನ ಸಿಪಾಯಿ.

ಕರಡಿ ಪುಟ ತಿರುವಿದ. 'ಮರುದಿನದ ಹೊತ್ತಿಗೆ ಮೊಳಕೆ ಒಡೆದಿರುತ್ತದೆ. ಚಿಟಿಕೆ ಉಪ್ಪು, ಮೆಣಸಿನ ಪುಡಿ ಉದುರಿಸಿ ಬೆಳಗಿನ ತಿಂಡಿಗೆ ಬಡಿಸಿ. ಮಂಡಿಗೆ ಬೇಕಾದ ಬಲ ಇದರಲ್ಲಿದೆ.'

"ಯಾರ ಕಾಲಿಗೋ ಉಪ್ಪು ಖಾರ ಹಾಕಿ ಬಡಿಸ್ಬೇಕು?" ಅಕ್ಕ ಗುಡುಗಿದಳು.

"ಅದು ಕಾಲಲ್ಲ ಅಕ್ಕಾ... ಕಾಳು. ಕಾಳನ್ನ ನೆನೆಸಿಡಿ ಅಂತ."

"ಕಾಲೋ ಕಾಳೋ, ಇದನ್ನ ತಿದ್ದಿದೋನು ಯಾರೋ?"

ಕರಡಿಗೆ ಆ ಹಾಳೆ ಕಣ್ಣಿಗೆ ಕಟ್ಟಿತು. ಅಕ್ಷರ ಜೋಡಿಸುವವನು 'ಕಾಳನ್ನು' ಎಂದು ಸರಿಯಾಗಿಯೇ ಜೋಡಿಸಿದ್ದ. ಮಂಡಿನೋವಿನ ಪುಸ್ತಕದಲ್ಲಿ ಕಾಳಿಗೇನು ಕೆಲಸ ಎಂದು, ಕೆಂಪು ಪೆನ್ನಿನಿಂದ 'ಳ' ಹೊಡೆದುಹಾಕಿ 'ಲ' ಬರೆದವನು ತಾನೇ. "ಲಳ ಗೊತ್ತಿಲ್ಲದ ಕತ್ತೆ" ಎಂದು ಅವನಿಗೆ ಬೈದದ್ದೂ ನೆನಪಾಯಿತು. ಮುಂದಿನ ಪುಟದ ಮೊಳಕೆ ಓದಿದಾಗಲೂ ಅದರ ಅಕ್ಷರಗಳಷ್ಟೇ ಅವನ ಕಣ್ಣಿಗೆ ಬಿದ್ದಿದ್ದವು. ಅರ್ಥ ನೋಡುವುದು ಅವನ ಕೆಲಸವಾಗಿರಲಿಲ್ಲ!

ಕೊನೆಗೆ ಅವನು ಭಾವನ ಕಾಲು ಹಿಡಿದೇ ಹಿಡಿದ. ಅಕ್ಕ ಕಂಕುಳಿಗೆ ಕೈಹಾಕಿದಳು, ಇವನು ಕಾಲು ಹಿಡಿದ, ಇಬ್ಬರೂ ಸೇರಿ ಅವರನ್ನು ಬಾಡಿಗೆ ಕಾರಿಗೆ ಹೊತ್ತರು.

ಬೀದಿಯ ಕೊನೆಯಲ್ಲಿದ್ದ ಕ್ಲಿನಿಕ್ಕಿನ ಡಾಕ್ಟರಮ್ಮ ಒದ್ದೆ ಬಟ್ಟೆ ಬಿಚ್ಚಿ, ಕಾಲು ಉಜ್ಜಿ, ಕಂಬಳಿ ಹೊದಿಸಿ, ಜ್ವರಕ್ಕೆ ಮಾತ್ರೆ ಕೊಟ್ಟರು. ಇನ್ನೊಂದು ಗಂಟೆ ಹಾಗೇ ಬಿಗಿದಿಟ್ಟಿದ್ದರೆ ಬೆರಳುಗಳ ಆಸೆ ಬಿಡಬೇಕಿತ್ತು ಎಂದು ಗದರಿದರು. "ಯಾರ್ರೀ ಹೇಳಿದ್ದು ಹೀಗೆ ಮಾಡಿ ಅಂತ?"

ಎಲ್ಲರೂ ಕರಡಿಯ ಕಡೆ ನೋಡಿದರು. ಕರಡಿ ಗೋಡೆಯ ಕಡೆ ನೋಡಿದ. ಅಕ್ಕ ಗಂಡನಿಗೆ ಚಪ್ಪಲಿ ತೊಡಿಸತೊಡಗಿದಳು. ಇನ್ನೇನು ಹೊರಡಬೇಕು, ಆಗ ಹೆಂಡತಿ ಮೆಲ್ಲಗೆ ಬಂದು ಡಾಕ್ಟರಮ್ಮನ ಎದುರಿನ ಸ್ಟೂಲಿನ ಮೇಲೆ ಕೂತಳು.

"ಡಾಕ್ಟ್ರೇ, ಇವರ ಭಾವನ ಕಾಲು ಆಯ್ತಲ್ಲ. ಈಗ ನನ್ನನ್ನ ಒಂಚೂರು ನೋಡ್ತೀರಾ? ಇವರು ಮತ್ತೆ ಯಾವಾಗ ಬರ್ತಾರೋ ಗೊತ್ತಿಲ್ಲ."

ಕೈಚೀಲದಿಂದ ಅವಳು ಹೊರತೆಗೆದದ್ದು 'ಎದೆ ಹೇಳುವ ಮಾತು'! ಒಂದು ಪುಟ ಮಡಚಿತ್ತು. ಅಂಚಿನಲ್ಲಿ, ಕರಡಿ ಕೆಂಪು ಗುರುತು ಹಾಕುವ ಜಾಗದಲ್ಲೇ, ಬಟ್ಟೆಯ ಮೇಲೆ ಗೆರೆ ಎಳೆಯುವ ಸುಣ್ಣದ ತುಂಡಿನಿಂದ ಅವಳು ಐದು ಗುರುತು ಹಾಕಿದ್ದಳು.

"ಇದೇನು, ಇಲ್ಲಿರೋದೆಲ್ಲ ನಿಮಗಿದೆಯಾ?"

"ಇಲ್ಲ ಡಾಕ್ಟ್ರೇ," ಕರಡಿ ನಡುವೆ ಬಾಯಿ ಹಾಕಿದ. "ಪುಸ್ತಕ ಓದಿ ಹೆದರಿದಾಳೆ ಅಷ್ಟೆ. ಇವಳು ಗುಂಡುಕಲ್ಲು!"

"ಕಲ್ಲೇ ಮಾತಾಡ್ಲಿ. ನೀವು ಸುಮ್ನಿರಿ." ಡಾಕ್ಟರಮ್ಮ ಗಟ್ಟಿಯಾಗಿ ಓದತೊಡಗಿದರು. "ಹೆಂಗಸರಲ್ಲಿ ಎದೆನೋವಿಗಿಂತ ಮೊದಲು ಕಾಣುವ ಸೂಚನೆಗಳು. ಮೆಟ್ಟಿಲು ಹತ್ತುವಾಗ ಏದುಸಿರು..."

"...ಕೆಳದವಡೆಯಲ್ಲಿ ನೋವು, ಎಡ ಭುಜದ ಸೆಳೆತ, ಕಾರಣವಿಲ್ಲದ ಬೆವರು, ನಿದ್ದೆ ಮಾಡಿದರೂ ಹೋಗದ ದಣಿವು." ಮುಂದಿನದನ್ನು ಕರಡಿಯ ಬಾಯಿ ತಾನಾಗಿಯೇ ಒಪ್ಪಿಸಿಬಿಟ್ಟಿತು.

ಅಕ್ಕನ ಕೈಯಲ್ಲಿದ್ದ ಚಪ್ಪಲಿ ಅಲ್ಲೇ ನಿಂತಿತು.

"ನಿಮಗೆ ಬಾಯಿಪಾಠ ಇದೆಯಲ್ರೀ!" ಎಂದರು ಡಾಕ್ಟರಮ್ಮ.

"ನಾಲ್ಕು ಸಲ ಓದಿದೀನಿ."

"ನಾಲ್ಕು ಸಲ ಓದಿದಾಗ ಒಂದು ಸಲಾನೂ ಇವರ ನೆನಪಾಗಲಿಲ್ವಾ?"

"ನಾನು... ತಪ್ಪು ಹುಡುಕ್ತಿದ್ದೆ."

"ಸಿಕ್ತಾ?" ಹೆಂಡತಿ ಕೇಳಿದಳು.

ಸಿಕ್ಕಿತ್ತು. ಆ ಪುಟದಲ್ಲಿ ಒಂದೇ ಒಂದು ತಪ್ಪು ಸಿಕ್ಕಿತ್ತು. 'ಎಡ ಬುಜದ ಸೆಳೆತ' ಎಂದಿದ್ದದ್ದಕ್ಕೆ ಮಹಾಪ್ರಾಣ ಕೊಟ್ಟು 'ಭುಜ' ಮಾಡಿದ್ದ. ಮನೆಗೆ ತಂದು, ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ತಿದ್ದಿದ್ದ. ಆಗಲೂ ಅವಳು ಎದುರಿನ ಕುರ್ಚಿಯಲ್ಲಿ ಕೂತು ಎಡ ಭುಜ ಒತ್ತಿಕೊಳ್ಳುತ್ತಿದ್ದಳು. ಯಾಕೆ ಎಂದು ಕೇಳುವ ಬದಲು, ಬೆಳಕಿಗೆ ಅಡ್ಡ ಬರಬೇಡ ಎಂದಿದ್ದ. ಅಕ್ಷರಕ್ಕೆ ಮಹಾಪ್ರಾಣ ಕೊಟ್ಟ ಪುಣ್ಯಾತ್ಮ ಎದುರಿಗಿದ್ದ ಪ್ರಾಣದ ಕಡೆ ತಿರುಗಿ ನೋಡಲಿಲ್ಲ!

ಡಾಕ್ಟರಮ್ಮ ಅವಳ ಎದೆಗೆ ತಂತಿಗಳನ್ನು ಅಂಟಿಸಿದರು. ಯಂತ್ರದಿಂದ ಗೆರೆಗಳ ಪಟ್ಟಿ ಹೊರಬಂತು. ಅದನ್ನು ನೋಡುತ್ತ ನೋಡುತ್ತ ಅವರ ಹುಬ್ಬು ಗಂಟಾಯಿತು.

"ಎಷ್ಟು ದಿನದಿಂದ ಹೀಗೆ?"

ಕರಡಿಗೆ ಇನ್ನೂ ಬುದ್ಧಿ ಬಂದಿರಲಿಲ್ಲ. ಏನಾದರೂ ಹೇಳಿ ಮಾನ ಉಳಿಸಿಕೊಳ್ಳಬೇಕಿತ್ತು. "ಹಾಗೇನಿಲ್ಲ ಡಾಕ್ಟ್ರೇ, ದಿನಾ ಮೂರು ಮಹಡಿ ಹತ್ತತಾಳೆ. ಎರಡನೇ ಮಹಡಿಯವರ ಜೊತೆ ಹತ್ತು ನಿಮಿಷ ನಿಂತು ಹರಟೇನೂ ಹೊಡೀತಾಳೆ..."

"ರೀ," ಎಂದಳು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತು. "ಎರಡನೇ ಮಹಡಿಯವರು ಮನೆ ಖಾಲಿ ಮಾಡಿ ಐದು ತಿಂಗಳಾಯ್ತು. ಆ ಬಾಗಿಲಿಗೆ ಇಷ್ಟು ದಪ್ಪ ಬೀಗ ಹಾಕಿದೆ. ದಿನಾ ಎರಡು ಸಲ ಅದರ ಮುಂದೆ ಹಾದು ಹೋಗ್ತೀ‌ರಲ್ಲ! ಬೀಗದ ಜೊತೆ ಹರಟೆ ಹೊಡೀತಿದ್ನಾ ನಾನು?"

ಅಕ್ಕ ಈ ಸಲ ಮೇಜು ಗುದ್ದಲಿಲ್ಲ. ಕರಡಿಯ ಮುಖವನ್ನು ಒಮ್ಮೆ ನೋಡಿ, ಮುಖ ತಿರುಗಿಸಿಕೊಂಡಳು. ಅವಳು ಬೈದಿದ್ದರೇ ಎಷ್ಟೋ ಚೆನ್ನಾಗಿತ್ತು ಎಂದು ಕರಡಿಗೆ ಅನಿಸಿತು.

ಡಾಕ್ಟರಮ್ಮ ಚೀಟಿ ಬರೆದು, ಮನೆಗೂ ಹೋಗದೆ ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಭಾವನಿಗಾಗಿ ನಿಲ್ಲಿಸಿದ್ದ ಕಾರಿನಲ್ಲೇ ಗಂಡ ಹೆಂಡತಿ ಹೊರಟರು. ಭಾವ ಕಂಬಳಿ ಹೊದ್ದುಕೊಂಡು ಅಕ್ಕನ ಜೊತೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಉಳಿದು, "ನನ್ನ ಕಾಲಿಂದ ಇಷ್ಟಾದ್ರೂ ಆಯ್ತಲ್ಲಮ್ಮಾ, ಹೋಗು, ಹೋಗು" ಎಂದು ಕೈಬೀಸಿದರು. ದಾರಿಯುದ್ದಕ್ಕೂ ಕರಡಿ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಇಪ್ಪತ್ತೇಳು ವರ್ಷ ಪರರ ವಾಕ್ಯಗಳನ್ನು ತಿದ್ದಿದವನಿಗೆ ಒಂದು ಸ್ವಂತ ವಾಕ್ಯ ಹುಟ್ಟಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ಚಕ್ರದ ಮಂಚದ ಮೇಲೆ ಮಲಗಿಸಿದರು. ಮೂರು ನಾಳಗಳಲ್ಲಿ ಎರಡು ಕಟ್ಟಿಕೊಂಡಿರಬಹುದು, ಒಳಗೆ ಹೋಗಿ ನೋಡಿದ ಮೇಲೆಯೇ ಏನನ್ನೂ ಹೇಳಲು ಸಾಧ್ಯ ಎಂದರು ಅಲ್ಲಿನ ಡಾಕ್ಟರು. "ಬೇಗ ಬಂದ್ರಿ ಅಂತ ಹೇಳೋಕಾಗಲ್ಲ. ಬಂದ್ರಲ್ಲ, ಅಷ್ಟೇ ಸಮಾಧಾನ." ನರ್ಸು ಕರಡಿಯ ಕೈಗೊಂದು ಅಚ್ಚಾದ ಹಾಳೆ ಕೊಟ್ಟು, "ಬೇಗ ತುಂಬಿಸಿ ಕೊಡಿ, ಆಮೇಲೆ ಒಳಗೆ ಕರ್ಕೊಂಡು ಹೋಗ್ತೀವಿ" ಎಂದಳು.

ಜೇಬಿನಲ್ಲಿ ಇದ್ದದ್ದು ಕೆಂಪು ಪೆನ್ನು ಒಂದೇ. ಅದರಲ್ಲೇ ಶುರುಮಾಡಿದ. ವಯಸ್ಸು ಎಂದಿದ್ದ ಕಡೆ ಐವತ್ತೆರಡು ಎಂದು ಬರೆದ.

"ಐವತ್ತನಾಲ್ಕು," ಎಂದಳು ಹೆಂಡತಿ ಮಲಗಿದಲ್ಲಿಂದಲೇ.

ಹೊಡೆದುಹಾಕಿ ಬರೆದ. ಯಾವ ಔಷಧ ಮೈಗೆ ಆಗುವುದಿಲ್ಲ? ಗೊತ್ತಿಲ್ಲ. ಅವಳೇ ಹೇಳಿದಳು. ಹಿಂದೆ ಏನಾದರೂ ಕಾಯಿಲೆ? ಗೊತ್ತಿಲ್ಲ. ಅವಳೇ ಹೇಳಿದಳು. ತೊಂದರೆ ಎಷ್ಟು ಕಾಲದಿಂದ?

"ಐದು ತಿಂಗಳು. ನಿಮಗೆ ಹೇಳಿದ್ದು ಮೂರು ಸಲ. ಅದಕ್ಕೆ ಜಾಗ ಇದ್ರೆ ಅದನ್ನೂ ಬರೀರಿ."

ಜಾಗ ಇರಲಿಲ್ಲ. ಕರಡಿಯ ಕಣ್ಣು ಮಂಜಾಯಿತು. ಒರೆಸಿಕೊಂಡು, ಎಲ್ಲ ತುಂಬಿದೆಯೇ ಎಂದು ಹಾಳೆಯನ್ನು ಮೇಲಿನಿಂದ ಮತ್ತೊಮ್ಮೆ ನೋಡಿದ. ತಲೆಬರಹದಲ್ಲೇ, ದಪ್ಪ ಅಕ್ಷರದಲ್ಲಿ, 'ಹೃಧಯ ವಿಭಾಗ' ಎಂದಿತ್ತು. 'ದ' ಇರಬೇಕಾದ ಕಡೆ 'ಧ'! ಬೇಡದ ಜಾಗದಲ್ಲಿ ಒಂದು ಮಹಾಪ್ರಾಣ! ಅವನು ಬೇಕೆಂದು ಮಾಡಿದ್ದಲ್ಲ, ದೇವರಾಣೆ. ಕೈ ತಾನಾಗಿ ಮೇಲೆ ಹೋಯಿತು. ಕೆಂಪು ಪೆನ್ನು ಆ ಅಕ್ಷರಕ್ಕೆ ಅಡ್ಡ ಗೆರೆ ಎಳೆಯಿತು. ಅಂಚಿನಲ್ಲಿ ಅಚ್ಚುಕಟ್ಟಾಗಿ ಒಂದು 'ದ' ಬರೆಯಿತು.

ತಲೆ ಎತ್ತಿದರೆ ಹೆಂಡತಿ ಅದನ್ನೇ ನೋಡುತ್ತಿದ್ದಳು. ನರ್ಸು ಮಂಚವನ್ನು ತಳ್ಳತೊಡಗಿದಳು. ಚಕ್ರಗಳು ಕಿರುಗುಟ್ಟಿದವು. ಬಾಗಿಲು ಮುಚ್ಚಿಕೊಳ್ಳುವ ಮುನ್ನ ಹೆಂಡತಿ ನಕ್ಕಳು. ಐದು ತಿಂಗಳಲ್ಲಿ ಅವಳು ನಕ್ಕಿದ್ದನ್ನು ಕರಡಿ ಗಮನಿಸಿದ್ದು ಅದೇ ಮೊದಲು.

"ನೋಡಿ, ಕಾಗದದ ಮೇಲಿನ ಹೃದಯದಲ್ಲಿ ತಪ್ಪಿದ್ರೆ ಎಷ್ಟು ಬೇಗ ಕಂಡುಬಿಡತ್ತೆ ನಿಮಗೆ!"